ಸಂಬಳವಿಲ್ಲದವರ ನಿವೃತ್ತಿಗೆ ಲೆಕ್ಕ ಬೇರೆ

ಮಾನ್ಯ ಸಂಪಾದಕರೇ,

ಮಾರ್ಚ್ ತಿಂಗಳ ಹಣಕಾಸು ಪುಟಗಳಲ್ಲಿ ಬರುವ ತೆರಿಗೆ ಉಳಿತಾಯದ ಸಲಹೆಗಳೆಲ್ಲ ಸಂಬಳದಾರರನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿರುತ್ತವೆ. ನಿಮ್ಮ ಪತ್ರಿಕೆಯೂ ಅದಕ್ಕೆ ಹೊರತಲ್ಲ. ಆಸ್ಪತ್ರೆಯಿಂದ ಸಂಬಳದ ಬದಲು ಫೀಸು ಪಡೆಯುವ ತಜ್ಞ ವೈದ್ಯರು, ಆರ್ಕಿಟೆಕ್ಟ್‌ಗಳು, ವಕೀಲರು, ಬೆಂಗಳೂರು, ಮೈಸೂರಿನ ಮನೆಗಳಲ್ಲೇ ಕುಳಿತು ಹೊರದೇಶದ ಕಂಪನಿಗೆ ಸಾಫ್ಟ್‌ವೇರ್ ಬರೆದು ಬಿಲ್ ಕಳಿಸುವವರು ಆ ಪುಟದಲ್ಲಿ ಕಾಣುವುದೇ ಇಲ್ಲ. ಇವರಿಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳ ಮತ್ತು ಹಿಡಿದ ತೆರಿಗೆಗೆ ಉದ್ಯೋಗದಾತರು ಕೊಡುವ ಪ್ರಮಾಣಪತ್ರವಾದ ಫಾರಂ 16 ಇಲ್ಲ. ವರ್ಷಕ್ಕೆ ಮೂವತ್ತು ನಲವತ್ತು ಲಕ್ಷ ದುಡಿದರೂ ಅರವತ್ತಾದ ಮೇಲಿನ ಬದುಕಿಗೆ ತಾವೇ ಇಡುಗಂಟು ಕಟ್ಟಿಕೊಳ್ಳಬೇಕು. ಸಂಬಳದಾರರಿಗೆ ಹೇಳಿದ ಸಲಹೆಯನ್ನು ಇವರು ಹಾಗೇ ಪಾಲಿಸಿದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ, ತೆರಿಗೆ ಮಾತ್ರ ಉಳಿಯುವುದಿಲ್ಲ. (ಇಲ್ಲಿನ ಲೆಕ್ಕವೆಲ್ಲ 2025-26ರ ಆದಾಯದ್ದು, ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.)

ಮೊದಲು ಒಂದು ಅಂಕಿ ನೆನಪಿಡಬೇಕು: ₹7.75 ಲಕ್ಷ. ದರ ಕಡಿಮೆಯಿದ್ದು, ಕಡಿತಗಳು (ಆದಾಯದಿಂದ ಕಳೆಯಲು ಬಿಡುವ ಮೊತ್ತಗಳು) ಬಹುತೇಕ ಇಲ್ಲದ ಹೊಸ ತೆರಿಗೆ ಪದ್ಧತಿಯಲ್ಲಿ ₹24 ಲಕ್ಷದ ಆದಾಯಕ್ಕೆ, ತೆರಿಗೆಯ ಮೇಲಿನ ಉಪಕರವಾದ ಸೆಸ್ ಬಿಟ್ಟು, ₹3 ಲಕ್ಷ ತೆರಿಗೆ. ಹಳೆ ಪದ್ಧತಿಯಲ್ಲಿ ಅದೇ ಆದಾಯಕ್ಕೆ, ಯಾವ ಕಡಿತವನ್ನೂ ತೋರಿಸದಿದ್ದರೆ, ₹5,32,500. ಅಂತರ ₹2,32,500. ಅಲ್ಲಿಂದ ಮೇಲೆ ಎರಡರಲ್ಲೂ ಶೇ 30 ಆದ್ದರಿಂದ ಆದಾಯ ಎಷ್ಟೇ ಏರಿದರೂ ಈ ಅಂತರ ಅಲ್ಲೇ ನಿಲ್ಲುತ್ತದೆ. ಅದನ್ನು ಶೇ 30ರ ದರದಲ್ಲಿ ತುಂಬಿಕೊಳ್ಳಲು ಬೇಕಾಗುವ ಕಡಿತವೇ ₹7.75 ಲಕ್ಷ. ಅಷ್ಟು ಕಡಿತ ಕೂಡಿಬರುವವರಿಗೆ ಮಾತ್ರ ಹಳೆ ಪದ್ಧತಿಯಲ್ಲಿ ಲಾಭ.

ಕೂಡಿಬರುತ್ತದೆಯೇ? ಪಿಪಿಎಫ್, ಜೀವ ವಿಮೆ ಮುಂತಾದ ಉಳಿತಾಯದ 80ಸಿಯಲ್ಲಿ ₹1.5 ಲಕ್ಷ, ಎನ್‌ಪಿಎಸ್‌ನ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ) 80ಸಿಸಿಡಿ(1ಬಿ)ಯಲ್ಲಿ ₹50,000, ಆರೋಗ್ಯ ವಿಮೆಗೆ ತಮ್ಮ ಕುಟುಂಬದ್ದು ₹25,000 ಮತ್ತು ಹಿರಿಯ ನಾಗರಿಕ ತಂದೆತಾಯಿಯದು ₹50,000, ವಾಸದ ಮನೆಯ ಸಾಲದ ಬಡ್ಡಿ ₹2 ಲಕ್ಷ. ಒಂದನ್ನೂ ಬಿಡದೆ ತುಂಬಿಸಿದರೂ ₹4.75 ಲಕ್ಷ. ಸಂಬಳದಾರರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಎಂಬ ದೊಡ್ಡ ಬಾಬ್ತು ಇರುತ್ತದೆ. ಇವರಿಗೆ ಅದಿಲ್ಲ. ಅದರ ಜಾಗದಲ್ಲಿ ಇರುವ ಬಾಡಿಗೆ ಕಡಿತ, 80ಜಿಜಿ, ಎಂದರೆ ವರ್ಷಕ್ಕೆ ಗರಿಷ್ಠ ₹60,000.

₹70 ಲಕ್ಷ ಫೀಸು ಬಂದು, ವೃತ್ತಿಪರರಿಗೆ ಅಂದಾಜು ಆದಾಯ ತೋರಿಸಲು ಬಿಡುವ ಸೆಕ್ಷನ್ 44ಎಡಿಎ (ವಿವರ ಮುಂದೆ) ಅಡಿ ಅದರ ಅರ್ಧ ₹35 ಲಕ್ಷವನ್ನು ಆದಾಯವೆಂದು ತೋರಿಸುವ ಆರ್ಕಿಟೆಕ್ಟ್ ಒಬ್ಬರನ್ನು ತೆಗೆದುಕೊಳ್ಳಿ. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ ₹6,55,200. ಹಳೆ ಪದ್ಧತಿಯಲ್ಲಿ ಮೇಲಿನ ₹4.75 ಲಕ್ಷವನ್ನೂ ಕಳೆದು ₹7,48,800. ಅಂದರೆ ‘ತೆರಿಗೆ ಉಳಿಸಲು’ ಅಷ್ಟೆಲ್ಲ ಹೂಡಿ, ₹93,600 ಹೆಚ್ಚು ಕಟ್ಟಿದಂತಾಯಿತು. ಇದಕ್ಕೆ ಒಂದು ಅಪವಾದವಿದೆ. ಸ್ನಾತಕೋತ್ತರ ವೈದ್ಯಕೀಯಕ್ಕೆ ದೊಡ್ಡ ಸಾಲ ಮಾಡಿದ ಕಿರಿಯ ವೈದ್ಯರಿಗೆ 80ಇ ಅಡಿ ಆ ಸಾಲದ ಬಡ್ಡಿ ಮಿತಿಯಿಲ್ಲದೆ ಎಂಟು ವರ್ಷ ಕಡಿತವಾಗುತ್ತದೆ. ಬಡ್ಡಿಯೇ ನಾಲ್ಕು ಲಕ್ಷ ಇದ್ದು ಉಳಿದ ಬಾಬ್ತುಗಳೂ ತುಂಬಿದ್ದರೆ ಅವರಿಗೆ ಹಳೆಯದೇ ಸರಿ.

ಆದರೆ ಬಟ್ಟೆ ಬದಲಿಸಿದಂತೆ ಪದ್ಧತಿ ಬದಲಿಸಲು ಇವರಿಗೆ ಬರುವುದಿಲ್ಲ. ಸಂಬಳದಾರರು ಪ್ರತಿ ವರ್ಷ ಯಾವುದನ್ನು ಬೇಕಾದರೂ ಆರಿಸಬಹುದು. ವೃತ್ತಿ ಆದಾಯವಿರುವವರು ಹಳೆಯದಕ್ಕೆ ಹೋಗಲು ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಫಾರಂ 10-ಐಇಎ ಹಾಕಲೇಬೇಕು. ಒಂದು ದಿನ ತಡವಾದರೂ ಆ ವರ್ಷಕ್ಕೆ ಹೊಸ ಪದ್ಧತಿಯೇ. ಹಳೆಯದಕ್ಕೆ ಹೋಗಿ ಒಮ್ಮೆ ಹೊಸದಕ್ಕೆ ಮರಳಿದರೆ, ವೃತ್ತಿ ಆದಾಯ ಇರುವಷ್ಟು ಕಾಲ ಹಳೆಯದರ ಬಾಗಿಲು ಮುಚ್ಚಿದಂತೆ. ಆದ್ದರಿಂದ ಒಂದು ವರ್ಷದ ಲೆಕ್ಕ ನೋಡಿ ಜಿಗಿಯದೆ, ಶಿಕ್ಷಣ ಸಾಲ ಯಾವಾಗ ತೀರುತ್ತದೆ, ಮನೆ ಸಾಲದ ಬಡ್ಡಿ ಯಾವಾಗ ₹2 ಲಕ್ಷದ ಕೆಳಗಿಳಿಯುತ್ತದೆ ಎಂದು ಮುಂದಿನ ನಾಲ್ಕೈದು ವರ್ಷಗಳನ್ನು ಆಡಿಟರ ಮುಂದೆ ಹರಡಿಕೊಂಡು ತೀರ್ಮಾನಿಸಬೇಕು.

ಇವರ ಪಾಲಿನ ನಿಜವಾದ ತೆರಿಗೆ ಸೌಲಭ್ಯ 80ಸಿ ಅಲ್ಲ, 44ಎಡಿಎ. ಹೊಸ ಪದ್ಧತಿಯಲ್ಲೂ ಇದು ಸಿಗುತ್ತದೆ. ವೈದ್ಯಕೀಯ, ಕಾನೂನು, ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಲೆಕ್ಕಶಾಸ್ತ್ರ, ಒಳಾಂಗಣ ವಿನ್ಯಾಸ, ಮಾಹಿತಿ ತಂತ್ರಜ್ಞಾನ ಮುಂತಾದ ಪಟ್ಟಿಯಲ್ಲಿರುವ ವೃತ್ತಿಗಳಿಗೆ ಇದು ಅನ್ವಯ. ಒಟ್ಟು ಫೀಸು ₹50 ಲಕ್ಷದೊಳಗಿದ್ದರೆ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ಲೆಕ್ಕಪುಸ್ತಕ, ಆಡಿಟ್ ಬೇಕಿಲ್ಲ. ನಗದು ಶೇ 5 ಮೀರದಿದ್ದರೆ ಮಿತಿ ₹75 ಲಕ್ಷಕ್ಕೆ ಏರುತ್ತದೆ.

ಎಡವುವುದು ಈ ಶೇ 5ರಲ್ಲಿ. ವರ್ಷಕ್ಕೆ ₹60 ಲಕ್ಷ ಬರುವ ವೈದ್ಯರಿಗೆ ಶೇ 5 ಎಂದರೆ ₹3 ಲಕ್ಷ. ತಿಂಗಳಿಗೆ ₹25,000, ತಿಂಗಳಲ್ಲಿ 25 ದಿನ ಕ್ಲಿನಿಕ್ ತೆರೆದರೆ ದಿನಕ್ಕೆ ₹1,000. ₹500 ಫೀಸಿನ ಕ್ಲಿನಿಕ್ಕಿನಲ್ಲಿ ದಿನಾ ಇಬ್ಬರು ನೋಟು ಕೊಟ್ಟರೆ ಮಿತಿ ತುಂಬಿತು, ಮೂರನೆಯವರು ಕೊಟ್ಟರೆ ಮೀರಿತು. ಅಕೌಂಟ್ ಪೇಯಿ ಎಂದು ಗೆರೆ ಎಳೆಯದ ಚೆಕ್ಕನ್ನೂ ಕಾಯ್ದೆ ನಗದೆಂದೇ ಎಣಿಸುತ್ತದೆ. ಮೀರಿದ ಮೇಲೆ ಮಿತಿ ₹50 ಲಕ್ಷಕ್ಕೆ ಇಳಿಯುತ್ತದೆ, ₹60 ಲಕ್ಷದವರು ಅದರಾಚೆ ಬೀಳುತ್ತಾರೆ, ಪುಸ್ತಕ ಬರೆಯಬೇಕು, ಆಡಿಟ್ ಮಾಡಿಸಬೇಕು. ಮಾಡಿಸದಿದ್ದರೆ ಒಟ್ಟು ಫೀಸಿನ ಶೇ 0.5ರಷ್ಟು, ಇಲ್ಲಿ ₹30,000, ದಂಡ. ಇದು ಗೊತ್ತಾಗುವುದು ಸಾಮಾನ್ಯವಾಗಿ ವರ್ಷ ಮುಗಿದು ಆಡಿಟರ ಬಳಿ ಹೋದಾಗ, ಆಗ ಮಾಡುವುದೇನೂ ಉಳಿದಿರುವುದಿಲ್ಲ. ಕ್ಲಿನಿಕ್ಕಿನ ಟೇಬಲ್ಲಿನ ಮೇಲೆ ಕ್ಯೂಆರ್ ಫಲಕ ಇಟ್ಟು, ರಿಸೆಪ್ಷನ್ನಿನವರು ಆ ದಿನದ ನಗದನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ತಿಂಗಳ ಕೊನೆಗೆ ಕೂಡಿಸಿದರೆ ಮುಗಿಯುವ ಕೆಲಸ ಇದು.

‘ಅರ್ಧ ತೋರಿಸಿದರೆ ಸಾಕು’ ಎಂಬುದನ್ನೂ ಪೂರ್ತಿ ಓದಬೇಕು. ಅರ್ಧ ಎಂಬುದು ಕನಿಷ್ಠ. ಅದಕ್ಕಿಂತ ಹೆಚ್ಚು ಗಳಿಸಿದ್ದಾಗಿ ಹೇಳುವವರು ಆ ಹೆಚ್ಚಿನ ಮೊತ್ತ ತೋರಿಸುವ ಮಾತೂ ಅದೇ ಸೆಕ್ಷನ್ನಿನಲ್ಲಿದೆ. ₹35 ಲಕ್ಷ ಆದಾಯ ತೋರಿಸಿ, ₹6.5 ಲಕ್ಷ ತೆರಿಗೆ ಕಟ್ಟಿ, ಅದೇ ವರ್ಷ ₹20 ಲಕ್ಷ ಮ್ಯೂಚುವಲ್ ಫಂಡಿಗೆ, ₹12 ಲಕ್ಷ ಠೇವಣಿಗೆ, ₹11 ಲಕ್ಷ ಕ್ರೆಡಿಟ್ ಕಾರ್ಡಿಗೆ ಹೋಗಿದ್ದರೆ ಈ ಮೂರೂ ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿ, ಅಂದರೆ ಎಐಎಸ್‌ನಲ್ಲಿ, ಬಂದು ಕೂರುತ್ತವೆ. ವರ್ಷಕ್ಕೆ ₹10 ಲಕ್ಷ ದಾಟಿದ ಇಂಥ ವ್ಯವಹಾರಗಳನ್ನು ಬ್ಯಾಂಕು, ಫಂಡುಗಳು ಇಲಾಖೆಗೆ ತಿಳಿಸಲೇಬೇಕು. ₹35 ಲಕ್ಷದಲ್ಲಿ, ತೆರಿಗೆಯೂ ಸೇರಿ, ₹49.5 ಲಕ್ಷ ಹೇಗೆ ಖರ್ಚಾಯಿತೆಂಬ ನೋಟಿಸಿಗೆ ‘ಪುಸ್ತಕ ಬರೆಯಬೇಕಿಲ್ಲ’ ಎಂಬುದು ಉತ್ತರವಾಗದು. ಪುಸ್ತಕ ಬೇಡದಿದ್ದರೂ ಬಾಡಿಗೆ, ಸಿಬ್ಬಂದಿ ಸಂಬಳ, ಉಪಕರಣಗಳ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಖರ್ಚು ಕಡಿಮೆಯೆಂದು ಕಣ್ಣಿಗೇ ಕಾಣುವಂತಿದ್ದರೆ ಹೆಚ್ಚಿನ ಆದಾಯವನ್ನೇ ತೋರಿಸಿ.

ಮುಂಗಡ ತೆರಿಗೆಯ ವಿಷಯದಲ್ಲಿ 44ಎಡಿಎಯವರಿಗೆ ನಾಲ್ಕು ಕಂತಿಲ್ಲ, ಮಾರ್ಚ್ 15ರೊಳಗೆ ಒಂದೇ ಕಂತು. ಸೌಲಭ್ಯವೇ ಇಲ್ಲಿ ತೊಡಕು: ವರ್ಷವಿಡೀ ಕೈಯಲ್ಲಿದ್ದ ಹಣ ಮಾರ್ಚ್‌ನಲ್ಲಿ ಇರುವುದಿಲ್ಲ. ತಪ್ಪಿದರೆ ₹6,55,200ರ ಮೇಲೆ ಶೇ 1, ಸುಮಾರು ₹6,550 ಬಡ್ಡಿ, ಏಪ್ರಿಲ್‌ನಿಂದ ಕಟ್ಟುವವರೆಗೆ ತಿಂಗಳಿಗೆ ಮತ್ತೆ ಅಷ್ಟೇ. ₹70 ಲಕ್ಷದ ಮೇಲೆ ₹6.55 ಲಕ್ಷ ಎಂದರೆ ಶೇ 9.4. ಆದ್ದರಿಂದ ಬಂದ ಪ್ರತಿ ಬಿಲ್ಲಿನ ಶೇ 10ನ್ನು ಬೇರೆ ಖಾತೆಗೆ ಸರಿಸಿದರೆ ಸಾಕು. ಆಸ್ಪತ್ರೆ ಅಥವಾ ಕಂಪನಿ 194ಜೆ ಅಡಿ ಆಗಲೇ ಶೇ 10 ಟಿಡಿಎಸ್ (ಫೀಸು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ಅಷ್ಟರ ಮಟ್ಟಿಗೆ ಸರಿಸುವುದೂ ಬೇಡ. ಪೂರ್ತಿ ₹70 ಲಕ್ಷಕ್ಕೂ ಹಿಡಿದಿದ್ದರೆ ₹44,800 ವಾಪಸೇ ಬರುತ್ತದೆ.

ಈಗ ಎನ್‌ಪಿಎಸ್. ‘ಸ್ವಂತ ಉದ್ಯೋಗದವರು ಆದಾಯದ ಶೇ 20ರವರೆಗೆ ಕಟ್ಟಿ ಕಡಿತ ಪಡೆಯಬಹುದು’ ಎಂದು ಜಾಹೀರಾತುಗಳು ಹೇಳುವುದು 80ಸಿಸಿಡಿ(1)ರ ಅರ್ಧ ಸತ್ಯ. ಆ ಶೇ 20 ಇರುವುದು 80ಸಿಯ ಅದೇ ₹1.5 ಲಕ್ಷದ ಒಳಗೆ. ₹35 ಲಕ್ಷದ ಶೇ 20 ಎಂದರೆ ₹7 ಲಕ್ಷ ಎಂದು ನಂಬಿ ಕಟ್ಟಿದವರಿಗೆ, 80ಸಿ ಬೇರೆ ಬಾಬ್ತಿನಿಂದ ತುಂಬಿದ್ದರೆ, ಸಿಗುವುದು (1ಬಿ)ಯ ₹50,000 ಮಾತ್ರ. ಅದೂ ಹಳೆ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿ ಸೊನ್ನೆ.

ಹೊಸ ಪದ್ಧತಿಯಲ್ಲಿ ಉಳಿದಿರುವುದು 80ಸಿಸಿಡಿ(2) ಒಂದೇ: ಉದ್ಯೋಗದಾತರು ನೌಕರರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ರವರೆಗೆ ಎನ್‌ಪಿಎಸ್‌ಗೆ ಹಾಕಿದರೆ ಅದಕ್ಕೆ ತೆರಿಗೆಯಿಲ್ಲ. ಮೂಲ ವೇತನ ₹24 ಲಕ್ಷ ಇರುವ ಮ್ಯಾನೇಜರ್‌ಗೆ ಇದು ₹3,36,000. ತೆರಿಗೆಯಲ್ಲಿ ಉಳಿಯುವುದು ₹1,04,832. ಜೊತೆಗೆ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್‌ನಿಂದ ₹23,400. ಅವರ ಪಕ್ಕದ ಮನೆಯಲ್ಲಿ ಅಷ್ಟೇ ದುಡಿಯುವ ವೈದ್ಯರಿಗೆ ಎರಡೂ ಇಲ್ಲ, ಏಕೆಂದರೆ ಅವರಿಗೆ ಉದ್ಯೋಗದಾತರಿಲ್ಲ.

‘ಹಾಗಾದರೆ ನಿಮ್ಮದೇ ಒಂದು ಕಂಪನಿ ಮಾಡಿ ಅದರಿಂದ ಸಂಬಳ ತೆಗೆದುಕೊಳ್ಳಿ’ ಎಂಬ ಸಲಹೆ ಈಚೆಗೆ ಹೆಚ್ಚು ಕೇಳಿಬರುತ್ತಿದೆ. ಇದರ ಲಾಭ ಮೇಲೆ ಹೇಳಿದ ಎರಡು ಮೊತ್ತ ಕೂಡಿದರೆ ₹1,28,232. ನಷ್ಟವನ್ನೂ ಕೂಡಿಸಿ. 44ಎಡಿಎ ಕಂಪನಿಗೆ ಇಲ್ಲ, ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಗೂ) ಇಲ್ಲ. ನಿಜವಾದ ಖರ್ಚು ಶೇ 40 ಇದ್ದರೆ, ಅರ್ಧಕ್ಕೆ ಕಡಿಮೆ ಬಿದ್ದ ಶೇ 10, ಅಂದರೆ ₹70 ಲಕ್ಷದಲ್ಲಿ ₹7 ಲಕ್ಷ, ತೆರಿಗೆಗೆ ಒಳಪಡುತ್ತದೆ. ಅದರ ಮೇಲೆ ₹2,18,400. ಪ್ರತಿ ವರ್ಷದ ಆಡಿಟ್ ಮತ್ತು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸುವ ಕಾಗದಪತ್ರಗಳ ಖರ್ಚು ಬೇರೆ. ಸಂಬಳವಾಗಿ ತೆಗೆಯದೆ ಕಂಪನಿಯಲ್ಲಿ ಉಳಿಸಿದ ಲಾಭಕ್ಕೆ ಶೇ 25.168 ತೆರಿಗೆ, ಮುಂದೆ ಡಿವಿಡೆಂಡ್ ಆಗಿ ತೆಗೆದಾಗ ಮತ್ತೆ ಸ್ಲ್ಯಾಬ್ ದರ. ಎಲ್‌ಎಲ್‌ಪಿಯ ಪಾಲುದಾರರು ಪಡೆಯುವ ‘ಸಂಬಳ’ ತೆರಿಗೆಯ ಕಣ್ಣಿಗೆ ವ್ಯವಹಾರದ ಆದಾಯ, ಆದ್ದರಿಂದ ಶೇ 14 ಅಲ್ಲೂ ದಕ್ಕದು. ವಕೀಲರು, ಚಾರ್ಟರ್ಡ್ ಅಕೌಂಟೆಂಟರಂತೂ ಕಂಪನಿ ಕಟ್ಟಿ ವೃತ್ತಿ ನಡೆಸುವಂತಿಲ್ಲ. ಫೀಸು ₹75 ಲಕ್ಷ ದಾಟಿ, 44ಎಡಿಎ ಹೇಗೂ ಕೈತಪ್ಪಿದವರು ಮಾತ್ರ ಈ ದಾರಿಯನ್ನು ಯೋಚಿಸಬಹುದು.

ಕಡಿತದ ಆಸೆ ಬಿಟ್ಟ ಮೇಲೆ ಹೂಡಿಕೆಯ ಪ್ರಶ್ನೆ ಹಗುರಾಗುತ್ತದೆ. ಕಟ್ಟುವಾಗ ಏನು ಸಿಗುತ್ತದೆ ಎನ್ನುವ ಬದಲು, ಬೆಳೆಯುವಾಗ ಮತ್ತು ತೆಗೆಯುವಾಗ ಎಷ್ಟು ತೆರಿಗೆ ಎಂದು ನೋಡಬೇಕು. ಹಾಗೆ ನೋಡಿದರೆ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಈಗಲೂ ಮೊದಲ ಸ್ಥಾನದಲ್ಲಿದೆ. ಅದರ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆಯಿಲ್ಲ. ಶೇ 30ರ ಸ್ಲ್ಯಾಬಿನವರಿಗೆ ತೆರಿಗೆಯಿಲ್ಲದ ಶೇ 7.1 ಎಂದರೆ ಶೇ 10.3 ಬಡ್ಡಿಯ ಬ್ಯಾಂಕ್ ಠೇವಣಿಗೆ ಸಮ. ಅಂಥ ಠೇವಣಿಯನ್ನು ನಂಬಬಹುದಾದ ಬ್ಯಾಂಕುಗಳು ಕೊಡುವುದಿಲ್ಲ. ಸ್ವಂತ ದುಡಿಮೆಯವರಿಗೆ ಇನ್ನೊಂದು ರಕ್ಷಣೆಯೂ ಇದೆ: ವ್ಯವಹಾರದ ಸಾಲಕ್ಕಾಗಿ ನ್ಯಾಯಾಲಯದ ಡಿಕ್ರಿ ಬಂದರೂ ಪಿಪಿಎಫ್ ಖಾತೆಯನ್ನು ಜಪ್ತಿ ಮಾಡುವಂತಿಲ್ಲ. ತೆರಿಗೆ ಬಾಕಿಗೆ ಮಾತ್ರ ಈ ರಕ್ಷಣೆ ಇಲ್ಲ.

ಪಿಪಿಎಫ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಮಾರ್ಚ್ ಕೊನೆಗೆ ಕಟ್ಟುವುದು. ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗೆ ಬಡ್ಡಿ ಲೆಕ್ಕ. ₹1.5 ಲಕ್ಷವನ್ನು ಏಪ್ರಿಲ್ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ₹10,650 ಬರುತ್ತದೆ, ಮಾರ್ಚ್ 31ಕ್ಕೆ ಕಟ್ಟಿದರೆ ಆ ವರ್ಷದ್ದು ಏನೂ ಇಲ್ಲ. ಇದೇ ದರ 15 ವರ್ಷ ನಿಂತರೆ ಏಪ್ರಿಲ್‌ನವರ ಕೈಗೆ ಸುಮಾರು ₹40.68 ಲಕ್ಷ, ಮಾರ್ಚ್‌ನವರಿಗೆ ₹37.98 ಲಕ್ಷ. ಕಟ್ಟಿದ ಹಣ ಅಷ್ಟೇ, ತಾರೀಖಿನ ವ್ಯತ್ಯಾಸಕ್ಕೆ ₹2.7 ಲಕ್ಷ. ಪತಿ ಅಥವಾ ಪತ್ನಿಯ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಅದಕ್ಕೂ ₹1.5 ಲಕ್ಷ ಕೊಡಬಹುದು. ಕೊಟ್ಟ ಹಣದ ಆದಾಯ ಕೊಟ್ಟವರ ಲೆಕ್ಕಕ್ಕೇ ಸೇರುತ್ತದೆಂಬ ನಿಯಮ ಇದ್ದರೂ, ಸೇರುವ ಬಡ್ಡಿಗೇ ತೆರಿಗೆ ಇಲ್ಲವಾದ್ದರಿಂದ ತೊಂದರೆಯಿಲ್ಲ. ಅಪ್ರಾಪ್ತ ಮಕ್ಕಳ ಖಾತೆ ಹಾಗಲ್ಲ, ಅದು ಕಟ್ಟುವವರ ₹1.5 ಲಕ್ಷದೊಳಗೇ ಬರುತ್ತದೆ. 15 ವರ್ಷ ತುಂಬಿದ ಮೇಲೂ ಕಟ್ಟುತ್ತ ಹೋಗಬೇಕಾದರೆ ಒಂದು ವರ್ಷದೊಳಗೆ ಫಾರಂ 4 ಕೊಡಬೇಕು. ಕೊಡದೆ ಕಟ್ಟಿದ ಹಣಕ್ಕೆ ಬಡ್ಡಿ ಬರುವುದಿಲ್ಲ.

ದೊಡ್ಡ ಗಂಟು ಬೆಳೆಯಬೇಕಾದ್ದು ಷೇರು ಆಧಾರಿತ ಫಂಡುಗಳಲ್ಲಿ, ಅದರಲ್ಲೂ ಖರ್ಚು ಕಡಿಮೆಯ ಇಂಡೆಕ್ಸ್ ಫಂಡುಗಳಲ್ಲಿ. 80ಸಿ ಕಡಿತಕ್ಕೆಂದೇ ಇರುವ, ಮೂರು ವರ್ಷ ಬೀಗ ಹಾಕುವ ಇಎಲ್‌ಎಸ್‌ಎಸ್ ಫಂಡುಗಳು ಹೊಸ ಪದ್ಧತಿಯವರಿಗೆ ಬೇಡ, ಕಡಿತವಿಲ್ಲದ ಮೇಲೆ ಬೀಗವೇಕೆ? ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭದಲ್ಲಿ ವರ್ಷಕ್ಕೆ ₹1.25 ಲಕ್ಷದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 12.5. ಪ್ರತಿ ವರ್ಷ ಅಷ್ಟು ಲಾಭದ ಯೂನಿಟ್‌ಗಳನ್ನು ಮಾರಿ ಮತ್ತೆ ಕೊಂಡರೆ ವರ್ಷಕ್ಕೆ ₹16,250ರವರೆಗೆ ಉಳಿಯುತ್ತದೆ. ಮಾರುವಾಗ ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೋಗುತ್ತವೆ. ಮರಳಿ ಕೊಂಡವಕ್ಕೆ ಒಂದು ವರ್ಷದ ಎಣಿಕೆ ಹೊಸದಾಗಿ ಶುರು ಎಂಬುದನ್ನು ಮರೆಯಬಾರದು. ಲಾಭ ಆ ಮಿತಿಯೊಳಗಿದ್ದರೆ 44ಎಡಿಎಯವರು ಸರಳವಾದ ರಿಟರ್ನ್ ಫಾರಂ ಐಟಿಆರ್-4ರಲ್ಲೇ ಉಳಿಯಬಹುದು, ಮೀರಿದರೆ ಐಟಿಆರ್-3.

ಕಡಿತವಿಲ್ಲದ ಎನ್‌ಪಿಎಸ್ ನಮ್ಮ ದೃಷ್ಟಿಯಲ್ಲಿ ಮೂರನೆಯ ಸ್ಥಾನದ್ದು. ಖರ್ಚು ಕಡಿಮೆ, ಒಳಗೊಳಗೇ ಷೇರಿನಿಂದ ಸಾಲಪತ್ರಕ್ಕೆ ಬದಲಿಸಿದರೆ ತೆರಿಗೆಯಿಲ್ಲ, ನಿಜ. 2025ರ ಡಿಸೆಂಬರ್‌ನಲ್ಲಿ ಪಿಂಚಣಿ ನಿಯಂತ್ರಣ ಪ್ರಾಧಿಕಾರ ಪಿಎಫ್‌ಆರ್‌ಡಿಎ ನಿಯಮ ಸಡಿಲಿಸಿದ್ದರಿಂದ ಸರ್ಕಾರಿ ನೌಕರರಲ್ಲದವರು ಕೊನೆಗೆ ಶೇ 80ರವರೆಗೆ ಒಟ್ಟಿಗೆ ತೆಗೆಯಲೂಬಹುದು. ಆದರೆ 10(12ಎ)ಯಲ್ಲಿ ತೆರಿಗೆ ವಿನಾಯಿತಿ ಇರುವುದು ಶೇ 60ಕ್ಕೆ, ಆನ್ಯುಟಿಯಾಗಿ ತಿಂಗಳು ತಿಂಗಳು ಬರುವ ಪಿಂಚಣಿಗೆ ಪೂರ್ತಿ ತೆರಿಗೆ. ಹಳೆ ಪದ್ಧತಿಯಲ್ಲಿರುವವರು ₹50,000 ಕಟ್ಟಿಯೇ ಕಟ್ಟುತ್ತಾರೆ. ಅವರು ಎನ್‌ಪಿಎಸ್‌ನ ಮುಖ್ಯ ಪಿಂಚಣಿ ಖಾತೆಯಾದ ಟಿಯರ್-1ಕ್ಕೇ, ಮಾರ್ಚ್ ಕೊನೆಯ ವಾರಕ್ಕೆ ಮೊದಲೇ ಕಟ್ಟಲಿ. ಬೇಕಾದಾಗ ತೆಗೆಯಬಹುದಾದ ಟಿಯರ್-2 ಖಾತೆಗೆ ಹಾಕಿದ್ದಕ್ಕೆ ಕಡಿತವಿಲ್ಲ.

ವಿಮೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಾರ್ಚ್‌ನಲ್ಲಿ ಬಾಗಿಲಿಗೆ ಬರುವ ‘ಪಿಂಚಣಿ ಪಾಲಿಸಿ’ಗೆ ಹೊಸ ಪದ್ಧತಿಯಲ್ಲಿ ಕಡಿತವಿಲ್ಲ. 2023ರ ಏಪ್ರಿಲ್ 1ರ ನಂತರ ಕೊಂಡ ಪಾಲಿಸಿಗಳ ಒಟ್ಟು ಕಂತು ವರ್ಷಕ್ಕೆ ₹5 ಲಕ್ಷ ಮೀರಿದರೆ ಕೊನೆಗೆ ಬರುವ ಲಾಭಕ್ಕೂ ತೆರಿಗೆ. ಬೇಕಾದ್ದು ಬರೀ ಟರ್ಮ್ ವಿಮೆ, ಅಂದರೆ ಸತ್ತರೆ ಮಾತ್ರ ಹಣ ಕೊಡುವ ವಿಮೆ. ವಿವಾಹಿತ ಪುರುಷರು ಅದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದರೆ ಆ ಹಣಕ್ಕೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಅರ್ಜಿ ತುಂಬುವಾಗಲೇ ಈ ಆಯ್ಕೆ ಗುರುತಿಸಬೇಕು, ಆಮೇಲೆ ಸೇರಿಸಲಾಗದು.

ಪುಸ್ತಕ ಬರೆಯುವವರಿಗೆ ಒಂದು ಮಾತು. ತೆರಿಗೆ ಉಳಿಸಲೆಂದು ಮಾರ್ಚ್‌ನಲ್ಲಿ ಕಾರು ಕೊಳ್ಳುವ ಚಟ ಬಿಡಿ. 180 ದಿನಕ್ಕಿಂತ ಕಡಿಮೆ ಬಳಸಿದ್ದಕ್ಕೆ ಶೇ 15ರ ಬದಲು ಶೇ 7.5 ಮಾತ್ರ ಸವಕಳಿ. 44ಎಡಿಎಯವರಿಗೆ ಅದೂ ಇಲ್ಲ, ಸವಕಳಿ ಆ ಅರ್ಧದೊಳಗೇ ಮುಗಿದಿದೆ.

ಕೊನೆಯದಾಗಿ ಒಂದು ಬೇಡಿಕೆ. ಉದ್ಯೋಗದಾತರಿಲ್ಲ ಎಂಬ ಒಂದೇ ಕಾರಣಕ್ಕೆ ಹೊಸ ಪದ್ಧತಿಯಲ್ಲಿ ಪಿಂಚಣಿ ಕಡಿತ ನಿರಾಕರಿಸುವುದು ನ್ಯಾಯವಲ್ಲ. ರಿಟರ್ನಿನಲ್ಲಿ ತೋರಿಸಿದ ವೃತ್ತಿ ಆದಾಯದ ಶೇ 14ರಷ್ಟನ್ನು ಟಿಯರ್-1ಕ್ಕೆ ಕಟ್ಟಿದರೆ ಇವರಿಗೂ ಕಡಿತ ಕೊಡಬೇಕು. ಸಂಬಳದಾರರಿಗೆ ಪಿಎಫ್, ಎನ್‌ಪಿಎಸ್, ಸೂಪರ್‌ಆನ್ಯುಯೇಷನ್ ಸೇರಿ ಉದ್ಯೋಗದಾತರ ಪಾಲಿಗೆ ಇರುವ ₹7.5 ಲಕ್ಷದ ಮಿತಿಯನ್ನೇ ಇವರಿಗೂ ಹಾಕಲಿ. ಆಗ ಆದಾಯವನ್ನು ಕಡಿಮೆ ತೋರಿಸುವ ಆಸೆಯೂ ತಗ್ಗುತ್ತದೆ, ಏಕೆಂದರೆ ಹೆಚ್ಚು ತೋರಿಸಿದಷ್ಟೂ ಹೆಚ್ಚು ಕಡಿತ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಯಲ್ಲಿ ಪ್ರತಿನಿಧಿಸುವುದು ಕರ್ನಾಟಕವನ್ನೇ. ರಾಜ್ಯದ ವೈದ್ಯರ, ವಕೀಲರ, ಎಂಜಿನಿಯರ್‌ಗಳ ಸಂಘಗಳು ಬಜೆಟ್ ಪೂರ್ವ ಮನವಿಯಲ್ಲಿ ಜಿಎಸ್‌ಟಿಯ ಜೊತೆಗೆ ಇದನ್ನೂ ಒಂದು ಪುಟದಲ್ಲಿ ಬರೆದು ಕಳಿಸಲಿ. ತಾವೂ ಮುಂದಿನ ಮಾರ್ಚ್‌ನ ತೆರಿಗೆ ಪುಟದಲ್ಲಿ ಫಾರಂ 16 ಇಲ್ಲದವರಿಗೆಂದು ಒಂದು ಕಾಲಂ ಮೀಸಲಿಡಬೇಕೆಂದು ಕೋರುತ್ತೇವೆ.

– ತೆರಿಗೆ ಸಲಹಾ ವೃತ್ತಿಯಲ್ಲಿರುವ ಇಬ್ಬರು ಓದುಗರು, ಹುಬ್ಬಳ್ಳಿ